ರಿಗ್‌ಮರೋಲ್ ಚೀಟಿ

ಕಾಗದಕ್ಕೆ ಬೆಂಕಿ ಹತ್ತಿದ ಮೇಲೆಯೇ ಹೆಸ್ಟರ್‌ಗೆ ಅದರ ಮೂಲೆಯಲ್ಲಿದ್ದ ‘ಆರ್’ ಅಕ್ಷರ ಕಂಡದ್ದು. ಇದನ್ನು ದಿನಚರಿಯಲ್ಲಿ ಬರೆಯುವ ಧೈರ್ಯವೂ ನನಗಿಲ್ಲ ಎಂದು ಅವಳು ತನ್ನಷ್ಟಕ್ಕೆ ಒಪ್ಪಿಕೊಂಡಳು.

ನಿಘಂಟಿನ ಕಚೇರಿಗೆ ಊರೂರಿನ ಓದುಗರು ಹಳೆಯ ಪುಸ್ತಕಗಳಿಂದ ಪದಗಳ ಬಳಕೆ ತೋರಿಸುವ ಸಾಲುಗಳನ್ನು ಆರಿಸಿ, ಚೀಟಿಯಲ್ಲಿ ಬರೆದು, ಮೂಲೆಯಲ್ಲಿ ಪದದ ಮೊದಲಕ್ಷರ ಹಾಕಿ ಕಳಿಸುತ್ತಿದ್ದರು. ಅವರಲ್ಲಿ ಡೆವನ್ ಪ್ರಾಂತ್ಯದ ಪಾದ್ರಿಯೊಬ್ಬರು ಮಹಾ ಜಿಪುಣರು. ಬಿಸ್ಕತ್ತು ಸುತ್ತಿದ ಕಾಗದದ ಬೆನ್ನಿಗೇ ಬರೆಯುವರು. ಅಂಥದೊಂದು ನೆಲದಲ್ಲಿ ಬಿದ್ದಿತ್ತು. ಹೆಸ್ಟರ್ ಕಸವೆಂದುಕೊಂಡು ಅಗ್ಗಿಷ್ಟಿಕೆಗೆ ಹಾಕಿದ್ದಳು. ಅವಳು ಆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಮೂರೇ ವಾರ. ಹಿಂದಿನ ಹುಡುಗಿಯನ್ನು ಬರೀ ಮಸಿ ಚೆಲ್ಲಿದ್ದಕ್ಕೆ ಮನೆಗೆ ಕಳಿಸಿದ್ದರು.

“ರಿಗ್‌ಮರೋಲ್ ಚೀಟಿ ಎಲ್ರೀ?” ಹಿರಿಯ ಸಹಾಯಕ ಥ್ವೇಟ್ ಕೂಗಿದ. ಮೀಸೆ ಹೊಸ ಪೊರಕೆಯಂತೆ ಸೆಟೆದಿತ್ತು. “ಪಾದ್ರಿಗಳು ಕಳಿಸಿದ್ದು! ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗ್ಬೇಕು!”

ತಾನು ಸುಟ್ಟದ್ದು ಅದನ್ನೇ ಎಂದುಕೊಂಡು ಹೆಸ್ಟರ್ ಅಗ್ಗಿಷ್ಟಿಕೆಯ ಬೂದಿಯತ್ತ ನೋಡಿದಳು.

ತಲೆಬುಡವಿಲ್ಲದ ಉದ್ದನೆಯ ಗೋಜಲಿಗೆ ರಿಗ್‌ಮರೋಲ್ ಎನ್ನುತ್ತಾರೆ. ಆ ಪದ ಹುಟ್ಟಿದ್ದು ಹಳೆಯ ಕಾಲದ ಆಟವೊಂದರಿಂದ ಎಂಬುದು ಥ್ವೇಟನ ವಾದ. ಪದ್ಯ ಬರೆದ ಸುರುಳಿ, ಅದಕ್ಕೆ ಜೋತಾಡುವ ದಾರಗಳು. ನೀವು ಎಳೆದ ದಾರದ ಪದ್ಯವೇ ನಿಮ್ಮ ಗುಣ ಹೇಳುತ್ತದೆ.

“ಆಟವಂತೆ, ದಾರವಂತೆ!” ಎದುರು ಮೇಜಿನ ಮಿಸ್ ಪರ್ಕಿಸ್ ಮೂಗು ಮುರಿದಳು. “ಸರದಾರರು ಮೊಹರು ನೇತುಹಾಕಿದ ರಾಜಪತ್ರದಿಂದ ಬಂದಿದ್ದು ಅದು. ಚೀಟಿ ಇಲ್ದೆ ನಿಮ್ಮ ಕತೆ ಯಾರು ನಂಬ್ತಾರೆ?”

“ಕದ್ದಿದ್ದು ನೀವೇನಾ ಹಾಗಾದ್ರೆ?” ಎಂದ ಥ್ವೇಟ್.

“ಸರ್, ನಾನು...” ಎಂದಳು ಹೆಸ್ಟರ್.

“ನೀನು ಮೇಜಿನ ಕೆಳಗೆ ನೋಡಮ್ಮ!” ಅವನು ಅವಳ ಮಾತು ತುಂಡರಿಸಿದ.

ಥ್ವೇಟ್ ‘ಆರ್’ ಚೀಟಿಗಳ ಗೂಡುಗಳನ್ನೆಲ್ಲ ನೆಲಕ್ಕೆ ಸುರಿದ. ಪಕ್ಕದ್ದರಲ್ಲಿ ಸೇರಿರಬಹುದೆಂದು ‘ಎಸ್’ ಸುರಿದ. ಹಟಕ್ಕೆ ಬಿದ್ದು ಮಿಸ್ ಪರ್ಕಿಸ್ ‘ಕ್ಯೂ’ ಸುರಿದಳು. ಪಾದ್ರಿಗೆ ಕೊಟ್ಟ ತಂತಿಗೆ ಮಧ್ಯಾಹ್ನ ಉತ್ತರ ಬಂತು: “ಕಳಿಸಿದ್ದು ಒಂಬತ್ತು ಸಾವಿರ. ನೀವು ಕೇಳುವುದು ಯಾವುದು?”

ಹೆಸ್ಟರ್ ಮತ್ತೆರಡು ಸಲ ಬಾಯಿ ತೆರೆದಳು. ಒಮ್ಮೆ ಥ್ವೇಟ್ ಅವಳ ಕೈಗೆ ಏಣಿ ಕೊಟ್ಟ, ಇನ್ನೊಮ್ಮೆ ಮೊಂಬತ್ತಿ.

ಮೂರೂವರೆಗೆ ಸಂಪಾದಕ ಡಾಕ್ಟರ್ ಲೋಮ್ಯಾಕ್ಸ್ ಒಳಗೆ ಬಂದರು. ಮೊಣಕಾಲೆತ್ತರದ ಚೀಟಿ ರಾಶಿಯ ನಡುವೆ ಕೆರೆಗಿಳಿದ ಕೊಕ್ಕರೆಯಂತೆ ನಿಂತು, ಕೋಟಿನ ಜೇಬಿನಿಂದ ಬಿಸ್ಕತ್ತಿನ ಕಾಗದವೊಂದನ್ನು ತೆಗೆದರು.

“ರಿಗ್‌ಮರೋಲ್ ಚೀಟಿ ನಿನ್ನೆ ಮನೆಗೊಯ್ದಿದ್ದೆ. ಯಾರಾದ್ರೂ ಹುಡುಕಿದ್ರಾ?”

ಥ್ವೇಟ್ ಹುಚ್ಚನಂತೆ ನಕ್ಕ. ಮಿಸ್ ಪರ್ಕಿಸ್ ಚಹಾಕ್ಕೆ ನೀರಿಟ್ಟಳು. ಹೆಸ್ಟರ್‌ಳ ಎದೆಯ ಮೇಲಿನ ಬಂಡೆ ಉರುಳಿ ಬಿತ್ತು. ಬೆಳಗಿನಿಂದ ಮೊದಲ ಬಾರಿ ಹಸಿವಾಗಿ ಒಂದು ಬನ್ ಕಚ್ಚಿದಳು.

ಎರಡನೇ ಸಲ ಕಚ್ಚುವ ಮೊದಲೇ ಬನ್ ಕೆಳಗಿಟ್ಟಳು. ಹಾಗಾದರೆ ಬೂದಿಯಾದ ಚೀಟಿ ಯಾವುದು?

ನೆಲದ ತುಂಬ ‘ಕ್ಯೂ’, ‘ಆರ್’, ‘ಎಸ್’ ಕಲಸಿಹೋಗಿದ್ದವು. ಯಾವುದು ಇಲ್ಲವೆಂದು ತಿಳಿಯಲು ಎಲ್ಲವನ್ನೂ ಜೋಡಿಸಬೇಕು, ವರ್ಷವೇ ಹಿಡಿದೀತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

“ಸದ್ಯ, ಯಾವುದೂ ಕಳೆದಿಲ್ವಲ್ಲ,” ಎಂದರು ಡಾಕ್ಟರ್ ಲೋಮ್ಯಾಕ್ಸ್ ಚಹಾ ಹೀರುತ್ತ.

“ಕಳೆದಿದೆ ಸರ್,” ಎಂದಳು ಹೆಸ್ಟರ್. “ಬೆಳಗ್ಗೆ ಒಂದನ್ನ ನಾನು ಸುಟ್ಟುಹಾಕ್ದೆ. ಯಾವುದು ಅಂತ ನಂಗೂ ಗೊತ್ತಿಲ್ಲ.”