ಮಹಾರಾಜರ ಪಿಸ್ತೂಲು ಮತ್ತು ದ್ಯಾಮವ್ವನ ಕೋಣ

ಬಹಳ ಹಿಂದೆ, ಅಂದರೆ ಈ ಪತ್ರಿಕೆ ನಿಮ್ಮ ಮನೆ ಬಾಗಿಲಿಗೆ ಬೀಳುವುದಕ್ಕೂ ಎಷ್ಟೋ ಮೊದಲು, ತಥಾಸ್ತುಪುರ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ದೋರ್ದಂಡವರ್ಮರು. ದೋರ್ದಂಡ ಎಂದರೆ ದಂಡದಂಥ ತೋಳು, ಆದರೆ ಅವರ ತೋಳುಗಳು ಹೆಸರಿನಷ್ಟು ದಪ್ಪ ಇರಲಿಲ್ಲ. ಹೆಸರಿಟ್ಟ ಮೇಲೆ ತೋಳು ತಾನಾಗಿ ಬೆಳೆಯುತ್ತದೆ ಎಂದು ಆಸ್ಥಾನದವರು ನಂಬಿಕೊಂಡು ಐವತ್ತು ವರ್ಷ ಕಾದಿದ್ದರು.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಅರಮನೆಯ ಯಾವ ಕಾರ್ಯಕ್ರಮವೇ ಇರಲಿ, ವರದಿ ಮೊದಲು ತಯಾರಾಗುತ್ತಿತ್ತು, ಕಾರ್ಯಕ್ರಮ ಆಮೇಲೆ ನಡೆಯುತ್ತಿತ್ತು. ಮಹಾರಾಜರು ನಾಳೆ ಮಾಡುವ ಭಾಷಣಕ್ಕೆ ಎಷ್ಟು ಸಲ ಚಪ್ಪಾಳೆ ಬಿತ್ತು ಎಂದು ಇವತ್ತೇ ಡಂಗುರ ಸಾರುತ್ತಿದ್ದರು. ಜನ ಮರುದಿನ ಹೋಗಿ ಅಷ್ಟೇ ಸಲ ತಟ್ಟಿ ಬರುತ್ತಿದ್ದರು. ನಗಬೇಡಿ, ಇದರಿಂದ ಎಲ್ಲರಿಗೂ ತುಂಬಾ ಸಮಯ ಉಳಿಯುತ್ತಿತ್ತು. ಈ ವರದಿಗಳನ್ನು ಬರೆಯುತ್ತಿದ್ದವನು ವಾರ್ತಾಧಿಕಾರಿ ತಿಪ್ಪರಸ.

ಹೀಗಿರಲು ಕಡಲಾಚೆಯ ದೇಶದ ರಾಯಭಾರಿಯೊಬ್ಬ ಬಂದು ಮಹಾರಾಜರಿಗೆ ಒಂದು ಪಿಸ್ತೂಲನ್ನು ಕಾಣಿಕೆ ಕೊಟ್ಟ. ಪಿಸ್ತೂಲು ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಆಟಿಕೆಯಲ್ಲ ಮಾರಾಯರೇ! ನಳಿಗೆಯೇ ಮೊಳದುದ್ದ, ಗುಂಡು ಒಂದೊಂದೂ ಹೆಬ್ಬೆರಳಿನ ಗಾತ್ರ.

"ನಮ್ಮಲ್ಲಿ ಇದರಿಂದ ದೊಡ್ಡ ದೊಡ್ಡ ಮೃಗಗಳನ್ನೇ ಕೆಡವುತ್ತಾರೆ, ಪ್ರಭು," ಎಂದ ರಾಯಭಾರಿ. "ಆದರೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಬಹಳ ಒದೆಯುತ್ತದೆ."

ಅರಣ್ಯ ಸಚಿವ ವನಭೂಷಣರು ಕೂಡಲೇ ಎದ್ದು ಕೈಮುಗಿದರು. "ಎರಡು ಕೈ ಸಾಮಾನ್ಯರಿಗೆ, ಮಹಾಪ್ರಭು. ತಾವು ಒಂದೇ ಕೈಯಲ್ಲಿ ಕಾಡುಕೋಣ ಹೊಡೆದರೆ ಅದು ವಿಶ್ವಮಟ್ಟದ ಇವೆಂಟ್ ಆಗುತ್ತದೆ."

"ಇನ್ನೊಂದು ಕೈಯಲ್ಲಿ ಏನು ಮಾಡಲಿ?"

"ಪ್ರಜೆಗಳತ್ತ ಬೀಸಬಹುದು, ಪ್ರಭು."

"ತಥಾಸ್ತು," ಎಂದರು ಮಹಾರಾಜರು.

ಗುರುವಾರವೇ ತಿಪ್ಪರಸನ ವರದಿ ಹೊರಬಿತ್ತು. 'ಬರುವ ಸೋಮವಾರ ಮಹಾರಾಜರು ನೂರು ಹೆಜ್ಜೆ ದೂರದಿಂದ, ಒಂದೇ ಕೈಯಲ್ಲಿ, ಒಂದೇ ಗುಂಡಿಗೆ, ಮದಿಸಿದ ಕಾಡುಕೋಣವೊಂದನ್ನು ಕೊಂದರು. ಅದರ ತಲೆ ಈಗ ದರ್ಬಾರಿನ ಗೋಡೆಯನ್ನು ಅಲಂಕರಿಸಿದೆ.' ಊರೆಲ್ಲ ಪಟಾಕಿ ಹೊಡೆದು ಸಂಭ್ರಮಿಸಿತು. ಒಂದೇ ತೊಂದರೆ ಎಂದರೆ ರಾಜ್ಯದಲ್ಲಿ ಕಾಡುಕೋಣ ಇರಲಿಲ್ಲ. ವನಭೂಷಣರು ಕಾಡನ್ನು ಅಭಿವೃದ್ಧಿಪಡಿಸಿ ಮುಗಿಸಿದ್ದರು. ಈಗ ಇದ್ದದ್ದು ಅರಣ್ಯ ಇಲಾಖೆ ಮತ್ತು ಅದರ ಬೋರ್ಡು ಮಾತ್ರ.

ಅರಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮೇಲಿನ ಓಣಿ ಎಂಬ ನಲವತ್ತು ಮನೆಗಳ ಕೇರಿಯಿತ್ತು. ಅಲ್ಲಿ ಬಾವಿ ಇಲ್ಲ. ದ್ಯಾಮವ್ವ ಎಂಬ ಮುದುಕಿ ಕೆಳಗಿನ ಬಾವಿಯಿಂದ ಪೀಪಾಯಿ ತುಂಬಿಸಿ, ಒಂಟಿ ಕೋಣದ ಬಂಡಿಯಲ್ಲಿ ಏರು ಹತ್ತಿಸಿ, ಮನೆಮನೆಗೆ ನೀರು ಹಾಕುತ್ತಿದ್ದಳು. ಕೋಣದ ಹೆಸರು ಮಲ್ಲ. ಕಪ್ಪಗೆ, ದಪ್ಪಗೆ, ಕೊಂಬು ಬಾಗಿ ನೋಡಲು ಗಂಭೀರವಾಗಿತ್ತು. ಅದೇ ಅದರ ಗ್ರಹಚಾರ.

"ನಿನ್ನ ಕೋಣಕ್ಕೆ ಬಡ್ತಿ ಸಿಕ್ಕಿದೆಯಮ್ಮಾ," ಎಂದರು ವನಭೂಷಣರು ಬಂದು. "ಇವತ್ತಿನಿಂದ ಅದು ಕಾಡುಕೋಣ."

"ಅಲ್ರೀ ಎಪ್ಪಾ, ಇದು ಕಾಡನ್ನ ಕಣ್ಣಿಲೆ ನೋಡಿಲ್ರೀ," ಎಂದಳು ದ್ಯಾಮವ್ವ. "ನನ್ನ ಕೈಯಾಗ ಹುಟ್ಟಿ ನನ್ನ ಕೈಯಾಗ ಬೆಳದೈತಿ. ಕೂಸುಗೋಳು ಬಾಲ ಹಿಡದು ಜಗ್ಗಿದ್ರೂ ಸುಮ್ಮನ ನಿಂದರತೈತಿ."

"ಗುರಿ ಸುಮ್ಮನೆ ನಿಂತರೆ ನಮಗೂ ಅನುಕೂಲ."

"ಇದನ್ನ ಕೊಂದ್ರ ನಲವತ್ತು ಮನಿಗೆ ನೀರು ಯಾರು ಏರಸ್ತಾರ್ರೀ? ನನಗ ಇದನ್ನ ಬಿಟ್ರ ಯಾರದಾರ್ರೀ? ನಿಮ್ಮ ಕಾಲಿಗೆ ಬೀಳ್ತೀನಿ, ಬಿಟ್ಟಬಿಡ್ರಿ."

"ನನಗೂ ಬೇಸರವೇ ತಾಯಿ. ಆದರೆ ವರದಿ ಆಗಿಹೋಗಿದೆ, ನಮ್ಮ ಕೈಯಲ್ಲಿ ಏನಿದೆ?"

ಕಾಡುಕೋಣದ ಕಾಲು ಮೊಣಕಾಲಿನಿಂದ ಕೆಳಗೆ ಬೆಳ್ಳಗಿರುತ್ತದೆ ಎಂದು ಯಾರೋ ಬಲ್ಲವರು ಹೇಳಿದರು. ಸರಿ, ಮಲ್ಲನ ನಾಲ್ಕೂ ಕಾಲಿಗೆ ಸುಣ್ಣ ಬಳಿದರು. ಲಾಳ ಕಟ್ಟಲು ಬಂದವರು ಎಂದುಕೊಂಡಿತೋ ಏನೋ, ಅದು ಒಂದೊಂದೇ ಕಾಲು ಎತ್ತಿ ಕೊಟ್ಟಿತು. ದ್ಯಾಮವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಸೋಮವಾರ ಬಂತು. ಮಲ್ಲನನ್ನು ಬಂಡಿಯ ಪಕ್ಕದಲ್ಲೇ ಗೂಟಕ್ಕೆ ಕಟ್ಟಿ, ಸುತ್ತ ನಾಲ್ಕು ಕುಂಡಗಳಲ್ಲಿ ಗಿಡ ಇಟ್ಟು ಕಾಡು ಮಾಡಿದ್ದರು. ನೂರು ಹೆಜ್ಜೆಯನ್ನು ಆಗಷ್ಟೇ ನಡೆಯಲು ಕಲಿತಿದ್ದ ರಾಜಕುಮಾರಿಯಿಂದ ಅಳೆಸಿದ್ದರು. ಮಹಾರಾಜರು ಎಡಗೈಯನ್ನು ಪ್ರಜೆಗಳತ್ತ ಬೀಸುತ್ತ, ಬಲಗೈಯಲ್ಲಿ ಪಿಸ್ತೂಲು ಎತ್ತಿ, ಎರಡೂ ಕಣ್ಣು ಮುಚ್ಚಿ ಅದರ ಕುದುರೆ ಎಳೆದರು.

ಢಂ! ಪಿಸ್ತೂಲು ಹಿಂದಕ್ಕೆ ಒದ್ದು ರಾಜಲಲಾಟಕ್ಕೆ ಬಡಿಯಿತು. ಮಹಾರಾಜರು ದೊಪ್ಪನೆ ಕುಂಡೆಯ ಮೇಲೆ ಕೂತರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಗುಂಡು ಹೋಗಿ ದ್ಯಾಮವ್ವನ ಪೀಪಾಯಿಗೆ ತೂತು ಹಾಕಿತು. ನೀರು ಬುಳುಬುಳು ಸುರಿಯತೊಡಗಿತು. ಸದ್ದಿಗೆ ಬೆಚ್ಚಿದ ಮಲ್ಲ ಹಗ್ಗ ಹರಿದುಕೊಂಡು, ಗುಲಾಬಿ ಕುಂಡವೊಂದನ್ನು ಉರುಳಿಸಿ, ಬಂಡಿಯ ಹತ್ತಿರ ಹೋಗಿ ಆ ನೀರು ಕುಡಿಯುತ್ತ ನಿಂತಿತು.

ಆಸ್ಥಾನದವರೆಲ್ಲ ವಾರ್ತಾಧಿಕಾರಿಯತ್ತ ತಿರುಗಿದರು. ಆಗ ತಿಪ್ಪರಸ ತನ್ನ ವರದಿ ತೆಗೆದು ನೋಡಿ, "ಕಾಡುಕೋಣ ಸತ್ತಿತು!" ಎಂದು ಕೂಗಿದ.

"ಸತ್ತಿತು, ಸತ್ತಿತು! ಪರಾಕ್!" ಎಂದಿತು ಆಸ್ಥಾನ. ಹಣೆಯ ಬುಗುಟು ಸಾಯುವ ಮುನ್ನ ಕೋಣ ತಿವಿದ ಗುರುತೆಂದು ದಾಖಲಾಯಿತು. ಮಹಾರಾಜರಿಗೆ 'ಏಕಹಸ್ತ ಮಹಿಷಾರಿ' ಎಂಬ ಬಿರುದು ಬಂತು.

ದ್ಯಾಮವ್ವನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಮಲ್ಲನ ಕೊರಳು ತಬ್ಬಿಕೊಂಡಳು. "ಹಂಗಾರ ಮನಿಗೆ ಹೊಡಕೊಂಡ ಹೋಗ್ಲೇನ್ರೀ?"

"ಹುಚ್ಚಿಯೇನೇ ನೀನು?" ಎಂದರು ವನಭೂಷಣರು. "ಸತ್ತ ಪ್ರಾಣಿ ಬೀದಿಯಲ್ಲಿ ಬಂಡಿ ಎಳೆದರೆ ಕಾನೂನು ಸುವ್ಯವಸ್ಥೆಯ ಗತಿಯೇನು?"

ಆಮೇಲೆ ಗುಟ್ಟಾಗಿ ಕೊಂದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಆಡಳಿತ ತಿಳಿದವರಲ್ಲ ಬಿಡಿ. ಈಗ ಕೊಂದರೆ ಮಹಾರಾಜರ ಗುಂಡಿಗೆ ಅದು ಸತ್ತಿರಲಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಆದ್ದರಿಂದ ದರ್ಬಾರಿನ ಗೋಡೆಗೆ ಒಂದು ಕಿಂಡಿ ಕೊರೆದು, ಹಿಂದಿನ ಕೋಣೆಯಲ್ಲಿ ಮಲ್ಲನನ್ನು ಕಟ್ಟಿ, ತಲೆಯನ್ನು ಮಾತ್ರ ಈಚೆಗೆ ಹಾಯಿಸಿದರು. ಸುತ್ತ ತೇಗದ ಚೌಕಟ್ಟು ಹೊಡೆದರು. ಕೋಣೆಯಲ್ಲಿ ಮೇವು ಹಾಕಿ ಸಗಣಿ ಬಾಚಲು ದ್ಯಾಮವ್ವನನ್ನೇ ನೇಮಿಸಿದರು. ಹುದ್ದೆಯ ಹೆಸರು 'ಗೋಡೆ ನಿರ್ವಹಣಾ ಸಹಾಯಕಿ'. ಓಣಿಯ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತತೊಡಗಿದರು.

"ಇರ್ಲಿ ಬಿಡ್ರಿ, ಮಲ್ಲ ಉಳಿದೈತೆಲ್ಲ," ಎಂದು ದ್ಯಾಮವ್ವ ಸಮಾಧಾನ ಮಾಡಿಕೊಂಡಳು. ಅದರ ಬೆನ್ನು ತಿಕ್ಕುತ್ತ ದಿನವಿಡೀ ಅದರ ಜೊತೆ ಮಾತಾಡುತ್ತಿದ್ದಳು.

ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅದೇ ರಾಯಭಾರಿ ಮತ್ತೆ ಬಂದ. ಗೋಡೆಯ ಮೇಲಿನ ತಲೆಯನ್ನು ಕಂಡು ಬೆರಗಾದ. "ಅದ್ಭುತ! ಕಣ್ಣು ಮಿಟುಕಿಸುತ್ತಿದೆಯಲ್ಲ!"

"ನಮ್ಮ ಕುಶಲಕರ್ಮಿಗಳ ಕೈಚಳಕ," ಎಂದರು ವನಭೂಷಣರು.

"ಮಹಾಪ್ರಭುಗಳು ದೊಡ್ಡ ಮನಸ್ಸು ಮಾಡಿ ಇದನ್ನು ನಮ್ಮ ದೊರೆಗೆ ಕಾಣಿಕೆಯಾಗಿ ಕೊಡಬೇಕು. ಪ್ರತಿಯಾಗಿ ಇಂಥ ನೂರು ಪಿಸ್ತೂಲು ಕಳಿಸುತ್ತೇವೆ. ತಮ್ಮ ಮಂತ್ರಿಗಳಿಗೆಲ್ಲ ಒಂದೊಂದು."

ಮಂತ್ರಿಗಳೆಲ್ಲ ಒಟ್ಟಿಗೆ ಮಹಾರಾಜರ ಮುಖ ನೋಡಿದರು.

"ತಥಾಸ್ತು. ಗೋಡೆಯಿಂದ ಇಳಿಸಿ ಕೊಡಿ," ಎಂದರು ಮಹಾರಾಜರು.

ವನಭೂಷಣರು ಗರಗಸದವನನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋದರು. ದ್ಯಾಮವ್ವ ಮಲ್ಲನಿಗೆ ಅಡ್ಡ ನಿಂತಳು. "ಬ್ಯಾಡ್ರೀ ಎಪ್ಪಾ! ಜೀವ ಐತ್ರೀ ಅದಕ್ಕ! ಮುಟ್ಟಿ ನೋಡ್ರಿ, ಎದಿ ಹೊಡಕೊಳ್ಳಾಕತ್ತೈತಿ!"

"ಹೋದ ವರ್ಷ ಸತ್ತ ಪ್ರಾಣಿಯಮ್ಮಾ ಇದು," ಎಂದರು ವನಭೂಷಣರು ಸಮಾಧಾನದ ದನಿಯಲ್ಲಿ. "ವರದಿ ಓದಿಲ್ಲವೇ? ಸತ್ತದ್ದಕ್ಕೆ ಇನ್ನೇನು ನೋವು?" ಇಬ್ಬರು ಭಟರು ಅವಳನ್ನು ರಟ್ಟೆ ಹಿಡಿದು ಆಚೆಗೆ ಎಳೆದರು.

ದರ್ಬಾರಿನಲ್ಲಿ ಕೂತವರಿಗೆ ಮಲ್ಲ ಒಮ್ಮೆ ಕೂಗಿದ್ದು ಕೇಳಿಸಿತು. ಎಂಥ ಕೈಚಳಕ ಎಂದು ರಾಯಭಾರಿ ಚಪ್ಪಾಳೆ ತಟ್ಟಿದ. ಆಸ್ಥಾನವೂ ತಟ್ಟಿತು. ಒಪ್ಪಂದಕ್ಕೆ ಸಹಿ ಬಿತ್ತು. ಸಿಹಿ ಹಂಚಿದರು.

ಗೋಡೆ ಖಾಲಿಯಾದ ಮೇಲೆ ದ್ಯಾಮವ್ವನ ಹುದ್ದೆಯೂ ಹೋಯಿತು. ಅವಳು ಮೂರು ದಿನ ಊಟ ಬಿಟ್ಟು ಮಲಗಿದಳು. ನಾಲ್ಕನೆಯ ದಿನ ಎದ್ದು ಪೀಪಾಯಿಯ ತೂತಿಗೆ ಬಟ್ಟೆ ತುರುಕಿ, ಬಂಡಿಯ ನೊಗಕ್ಕೆ ತಾನೇ ಹೆಗಲು ಕೊಟ್ಟಳು. ಓಣಿಯ ನಾಲ್ವರು ಅವಳ ಜೊತೆ ನಿಂತರು. ಹೀಗೇ ತಿಂಗಳುಗಳು ಕಳೆದು ಚಳಿಗಾಲ ಬಂತು. ಒಂದು ಬೆಳಗ್ಗೆ ಐವರೂ ಕರೀ ಕಂಬಳಿ ಹೊದ್ದು, ಬೆನ್ನು ಬಗ್ಗಿಸಿ, ಏದುಸಿರು ಬಿಡುತ್ತ ಏರು ಹತ್ತುತ್ತಿದ್ದರು.

ಅದೇ ಹೊತ್ತಿಗೆ ಅರಮನೆಯ ಉಪ್ಪರಿಗೆಯಲ್ಲಿ ವನಭೂಷಣರು ಕಡಲಾಚೆಯಿಂದ ಬಂದ ಹೊಸ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು ತೂಕ ನೋಡುತ್ತಿದ್ದರು. ಪಕ್ಕದಲ್ಲಿ ತಿಪ್ಪರಸ ಪುಸ್ತಕ ಬಿಚ್ಚಿಕೊಂಡು ಕೂತಿದ್ದ.

"ಅಲ್ಲಿ ಗುಡ್ಡ ಹತ್ತುತ್ತಿರುವುದು ಏನಯ್ಯಾ?"

"ಮೇಲಿನ ಓಣಿಯ ಜನ, ಸಚಿವರೇ. ನೀರು ಒಯ್ಯುತ್ತಿದ್ದಾರೆ."

"ಸರಿಯಾಗಿ ನೋಡು. ಕಪ್ಪಗಿವೆ. ಮೈತುಂಬ ಕೂದಲಿದೆ. ಬಗ್ಗಿ ನಡೆಯುತ್ತಿವೆ."

ತಿಪ್ಪರಸ ಸರಿಯಾಗಿ ನೋಡಿದ. ಲೇಖನಿ ಅದ್ದಿ, 'ಐದು ಕರಡಿಗಳು' ಎಂದು ದುಂಡಗೆ ಬರೆದು, ತಲೆ ಎತ್ತಿ ಕೇಳಿದ:

"ಯಾವತ್ತು ಸತ್ತವು ಅಂತ ಹಾಕಲಿ, ಸಚಿವರೇ?"