ಅತ್ತೆಯ ತಿರುಗಾಟವೂ ನನ್ನ ಹೊಸ ಹೆಡ್‌ಸೆಟ್ಟೂ

ಗಣಿತದ ಮಾಸ್ತರರು ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡಬಾರದು ಎಂದು ಇಲಾಖೆಯ ಯಾವ ಸುತ್ತೋಲೆಯಲ್ಲೂ ಹೇಳಿಲ್ಲ. ಹೇಳಿದ್ದರೂ ನಾನು ಓದಿರಲಿಕ್ಕಿಲ್ಲ. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಪೆನ್ನು ಹಿಡಿಯಿರಿ ಎಂದು ಮಕ್ಕಳಿಗೆ ಬೋಧಿಸುವ ನಾನು, ಸ್ವತಃ ಯಾವುದನ್ನೂ ಒಂದು ಸಲವೂ ಪೂರ್ತಿ ಓದಿದವನಲ್ಲ.

ನರಿಕೊಂಬಿನ ನಮ್ಮ ಮನೆಗೆ ಈ ಆಟವನ್ನು ತಂದವನು ನನ್ನ ಹೆಂಡತಿ ಶಾಲಿನಿಯ ತಮ್ಮ ಪ್ರವೀಣ. ಹೊಸ ಕೆಲಸಕ್ಕೆಂದು ದುಬೈಗೆ ಹೊರಡುವ ಮುಂಚೆ, ಮನೆಯ ಮುಂಭಾಗದ ಚಾವಡಿಯಲ್ಲಿದ್ದ ಕಂಪ್ಯೂಟರಿಗೆ ಅದನ್ನು ತುಂಬಿಸಿ, "ಫೋನ್ ಮಾಡಿದ್ರೆ ನೀವು 'ಊಟ ಆಯ್ತಾ' ಅಂತ ಕೇಳಿ ಅಕ್ಕನ ಕೈಗೆ ಕೊಡ್ತೀರಿ ಭಾವ. ಇದಾದ್ರೆ ಆಡ್ತಾ ಆಡ್ತಾ ಮಾತಾಡ್ಬಹುದು" ಎಂದ. ವಿಮಾನದಿಂದ ಪ್ಯಾರಾಚೂಟಿನ ಕೊಡೆ ಬಿಚ್ಚಿ ಒಂದು ದ್ವೀಪಕ್ಕೆ ಇಳಿಯುವುದು, ಬಂದೂಕು ಹುಡುಕುವುದು, ಎದುರು ಸಿಕ್ಕವರನ್ನೆಲ್ಲ ಕೊಲ್ಲುವುದು, ಕೊನೆಗೆ ಉಳಿದ ಜೋಡಿ ಗೆದ್ದಂತೆ. ದಿನವಿಡೀ ಒಂಬತ್ತನೇ ತರಗತಿಗೆ ಬೀಜಗಣಿತ ಕಲಿಸಿ ಬಂದವನಿಗೆ ಇದು ವಿಶ್ರಾಂತಿಯೇ.

ಆಟಕ್ಕೆಂದು ಬಿ.ಸಿ.ರೋಡ್ ಪೇಟೆಯಲ್ಲಿ ಅಗ್ಗದ ಒಂದು ವಯರಿಲ್ಲದ ಹೆಡ್‌ಸೆಟ್ ಕೊಂಡೆ. ಅದರ ಎಡಗಿವಿಯಿಂದ ಬಾಯಿಯ ಮುಂದಕ್ಕೆ ಒಂದು ಮೈಕಿನ ಕಡ್ಡಿ ಚಾಚಿತ್ತು. ಕಡ್ಡಿ ಕೆಳಗಿದ್ದರೆ ನನ್ನ ಮಾತು ದುಬೈಗೆ ಕೇಳುತ್ತದೆ. ಮೇಲೆತ್ತಿದರೆ ಕೇಳುವುದಿಲ್ಲ. ಸಂಸಾರಸ್ಥನಿಗೆ ಇದಕ್ಕಿಂತ ದೊಡ್ಡ ಸೌಲಭ್ಯ ಯಾವುದಿದೆ? ಹೆಂಡತಿ ಕರೆದಾಗ ಎತ್ತು, ಬೈದು ಮುಗಿಸಿದ ಮೇಲೆ ಇಳಿಸು. ಕ್ರಮೇಣ ನನಗೆ ಇದು ಎಷ್ಟು ಅಭ್ಯಾಸವಾಯಿತೆಂದರೆ, ತರಗತಿಯಲ್ಲಿ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಕೈ ತನ್ನಿಂದ ತಾನೇ ಕೆನ್ನೆಯ ಹತ್ತಿರ ಹೋಗುತ್ತಿತ್ತು.

ಅಂದಹಾಗೆ ನನ್ನ ಆಟದ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಬೇಗ ಸಾಯುತ್ತಿದ್ದೆ. ಸತ್ತ ಕೂಡಲೇ ಹೆಡ್‌ಸೆಟ್ ಕಳಚಿ, ಕಂಪ್ಯೂಟರ್ ಆರಿಸಿ, ಚಹಾ ಕುಡಿಯಲು ಎದ್ದು ಹೋಗುವುದು ನನ್ನ ಪದ್ಧತಿ. ಪ್ರವೀಣ ದ್ವೀಪದಲ್ಲಿ ಒಬ್ಬನೇ ಉಳಿಯುತ್ತಿದ್ದ.

ಹೀಗಿರುವಾಗ ನನ್ನ ಅತ್ತೆಗೆ, ಅಂದರೆ ಶಾಲಿನಿ ಮತ್ತು ಪ್ರವೀಣರ ಅಮ್ಮನಿಗೆ, ಹೊಟ್ಟೆನೋವು ಶುರುವಾಯಿತು. ಅವರು ನಮ್ಮ ಜೊತೆಗೇ ಇದ್ದವರು. ಚಾವಡಿಗೆ ತಾಗಿದ ಒಳಕೋಣೆ ಅವರದ್ದು. ಮಂಗಳೂರಿನ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, "ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟದ್ದು ಕೊಡಿ" ಎಂದರು. ಇಷ್ಟಪಟ್ಟದ್ದು ಕೊಡಿ ಎಂದು ಡಾಕ್ಟರು ಹೇಳಿದರೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಹಿಂದೆ ಬರುವಾಗ ಫರಂಗಿಪೇಟೆಯಲ್ಲಿ ಕಾರು ನಿಲ್ಲಿಸಿ ಎಳನೀರು ಕುಡಿದೆವು.

ಮರುದಿನವೇ ಅತ್ತೆಯ ಅಣ್ಣ, ಬೆಳ್ತಂಗಡಿ ಮಾವ, ಬಂದು ಚಾವಡಿಯಲ್ಲಿ ಕುಳಿತು ತೀರ್ಪು ಕೊಟ್ಟರು. "ಹುಡುಗನಿಗೆ ಹೇಳುವುದು ಬೇಡ ಮಾಷ್ಟ್ರೇ. ಕೆಲಸಕ್ಕೆ ಸೇರಿ ಆರು ತಿಂಗಳೂ ಆಗ್ಲಿಲ್ಲ. ಈಗ ರಜೆ ಇಲ್ಲ. ಗೊತ್ತಾದ್ರೆ ಬಿಟ್ಟು ಓಡಿ ಬರ್ತಾನೆ. ಬಂದ್ರೆ ಆ ಕೆಲಸ ಹೋಯ್ತು ಅಂತ ಲೆಕ್ಕ."

"ನಾಳೆ ಅವನಿಗೆ ಅಮ್ಮನನ್ನು ನೋಡ್ಲಿಕ್ಕೆ ಸಿಗದಿದ್ರೆ?" ಎಂದಳು ಶಾಲಿನಿ.

"ಅಷ್ಟು ಬೇಗ ಎಂತದೂ ಆಗುವುದಿಲ್ಲ. ಹೇಳುವ ಸಮಯಕ್ಕೆ ಹೇಳುವ."

ಒಳಕೋಣೆಯಿಂದ ಅತ್ತೆಯೂ ಸಣ್ಣ ದನಿಯಲ್ಲಿ, "ಅವನಿಗೆ ಹೇಳ್ಬೇಡಿ" ಎಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಇದು ನಮ್ಮ ಊರಿನ ಕ್ರಮವೇ. ಗಲ್ಫಿನಲ್ಲಿ ಇರುವವರಿಗೆ ಮನೆಯಲ್ಲಿ ಯಾರೂ ಸಾಯುವುದಿಲ್ಲ. ಮೊದಲು "ಸ್ವಲ್ಪ ಹುಷಾರಿಲ್ಲ" ಎನ್ನುತ್ತೇವೆ. ಸತ್ತ ಮೇಲೆ "ಸ್ವಲ್ಪ ಸೀರಿಯಸ್, ಬಂದು ಹೋಗು" ಎನ್ನುತ್ತೇವೆ. ವಿಮಾನ ಇಳಿದು, ಬಾಡಿಗೆ ಕಾರಿನಲ್ಲಿ ಬಂದು, ಅಂಗಳದಲ್ಲಿ ಹಾಕಿದ ಶಾಮಿಯಾನ ಕಂಡಾಗಲೇ ಅವರಿಗೆ ಸಾವಿನ ಸುದ್ದಿ ಅಧಿಕೃತವಾಗಿ ತಲುಪುವುದು. ದಾರಿಯುದ್ದಕ್ಕೂ ಡ್ರೈವರನಿಗೆ ಸಹ ಗೊತ್ತಿರುತ್ತದೆ. ಅವನೂ ಹೇಳುವುದಿಲ್ಲ.

ಪ್ರವೀಣನ ಜೊತೆ ಹೆಚ್ಚು ಹೊತ್ತು ಮಾತಾಡುವವನು ನಾನಾದ ಕಾರಣ ಸುಳ್ಳು ಹೇಳುವ ಇಲಾಖೆ ನನ್ನ ಪಾಲಿಗೆ ಬಂತು. ನಾನು ಆತ್ಮವಿಶ್ವಾಸದಿಂದಲೇ ಒಪ್ಪಿಕೊಂಡೆ. ಪೋಷಕರ ಸಭೆಯಲ್ಲಿ ಇಪ್ಪತ್ತು ವರ್ಷಗಳಿಂದ "ನಿಮ್ಮ ಮಗ ಬುದ್ಧಿವಂತ, ಸ್ವಲ್ಪ ಗಮನ ಸಾಲದು ಅಷ್ಟೆ" ಎನ್ನುತ್ತಾ ಬಂದವನಿಗೆ ಇದೆಷ್ಟರದ್ದು?

ಮೊದಲ ವಾರವೇ ಎಡವಿದೆ. ಆಟದ ನಡುವೆ ಅತ್ತೆ ಜೋರಾಗಿ ಕೆಮ್ಮಿದರು.

"ಯಾರು ಭಾವ ಕೆಮ್ಮಿದ್ದು?" ಎಂದ ಪ್ರವೀಣ.

"ನಾಯಿ," ಎಂದೆ.

"ನಮ್ಮಲ್ಲಿ ನಾಯಿ ಯಾವಾಗ ಸಾಕಿದ್ದು?"

"ಪಕ್ಕದ ಮನೆಯದ್ದು. ಅದಕ್ಕೆ ಶೀತ."

ಅತ್ತೆ ಫೋನಿನಲ್ಲಿ ನಾಲ್ಕು ಮಾತು ಆಡಲು ಆಗುವಷ್ಟು ದಿನ ಅವರೇ ಆಡಿದರು. ಆಮೇಲೆ ದನಿ ಕೂತುಹೋಯಿತು. ಆಗ ಅವರನ್ನು ನಾನು ಊರು ತಿರುಗಲು ಕಳುಹಿಸಬೇಕಾಯಿತು. ಹಾಸಿಗೆಯಿಂದ ಏಳಲಾಗದ ಹೆಂಗಸು ಆ ಒಂದು ತಿಂಗಳಲ್ಲಿ ಬೆಳ್ತಂಗಡಿಯ ಗೃಹಪ್ರವೇಶ, ಕಲ್ಲಡ್ಕದ ಸೀಮಂತ, ಮೂಡುಬಿದಿರೆಯ ಮದುವೆ ಎಲ್ಲ ಮುಗಿಸಿದರು. ಮೂಡುಬಿದಿರೆಯಲ್ಲಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು ಎಂದು ನಾನೇ ಉತ್ಸಾಹದಿಂದ ಸೇರಿಸಿದೆ. ಅವತ್ತು ಅವರು ಕುಡಿದದ್ದು ಎರಡು ಚಮಚ ಗಂಜಿತಿಳಿ.

"ಮೂಡುಬಿದಿರೆಯಲ್ಲಿ ಯಾರ ಮದುವೆ ಭಾವ?"

"ನಿನ್ನ ಚಿಕ್ಕಮ್ಮನ ಮಗಳದ್ದು."

"ಅವಳಿಗೆ ಹೋದ ವರ್ಷವೇ ಆಯ್ತಲ್ಲ? ನಾನೇ ಬಡಿಸಿದ್ದು."

"ಇದು ಅವಳ ಗಂಡನ ತಂಗಿಯದ್ದು," ಎಂದೆ. ಆ ಗಂಡನಿಗೆ ತಂಗಿ ಇದ್ದಾಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹೊತ್ತಿಗೆ ನನ್ನ ಹೆಡ್‌ಸೆಟ್ಟಿನ ಆಯುಷ್ಯವೂ ಮುಗಿಯುತ್ತಾ ಬಂದಿತ್ತು. ಕಿವಿಯ ಮೆತ್ತೆ ಸಿಪ್ಪೆಯೇಳುತ್ತಿತ್ತು. ಕಪ್ಪು ಹೊಟ್ಟು ಕಿವಿಗೆ ಅಂಟಿಸಿಕೊಂಡೇ ನಾನು ಶಾಲೆಗೆ ಹೋಗುತ್ತಿದ್ದೆ. ಚಾರ್ಜು ನಿಲ್ಲುತ್ತಿರಲಿಲ್ಲ. ಒಳಕೋಣೆಯ ಬಾಗಿಲು ದಾಟಿದರೆ ಸಿಗ್ನಲ್ ಕಡಿಯುತ್ತಿತ್ತು. "ನಿಮ್ಮ ಮಾತು ಅರ್ಧ ಕೇಳುವುದೇ ಇಲ್ಲ ಭಾವ, ಹೊಸದು ಕಳಿಸ್ತೇನೆ," ಎಂದ ಪ್ರವೀಣ, ಊರಿಗೆ ಬರುತ್ತಿದ್ದ ಸ್ನೇಹಿತನ ಕೈಯಲ್ಲಿ ಒಂದು ಪೆಟ್ಟಿಗೆ ಕೊಟ್ಟು ಕಳುಹಿಸಿದ. ಫರಂಗಿಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಪಡೆದು ಬಂದೆ.

ಎಂಥ ವಸ್ತು ಅದು! ತೂಕವೇ ಇಲ್ಲ. ತಲೆಯ ಮೇಲೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಬಾವಿಕಟ್ಟೆಯ ತನಕ ಹೋದರೂ ಸಿಗ್ನಲ್ ಕಡಿಯುವುದಿಲ್ಲ. ಸುತ್ತಲಿನ ಬೇಡದ ಸದ್ದನ್ನೆಲ್ಲ ಸೋಸಿ ತೆಗೆಯುತ್ತದೆ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಒಳಗೆ ಒಂದು ಕೈಪಿಡಿಯೂ ಇತ್ತು. ಅದನ್ನು ಭದ್ರವಾಗಿ ಮೇಜಿನ ಖಾನೆಯಲ್ಲಿಟ್ಟೆ. ಇದಕ್ಕೂ ಮೈಕಿನ ಕಡ್ಡಿ ಇತ್ತು, ಮೇಲೆ ಕೆಳಗೆ ಆಡುತ್ತಿತ್ತು. ಇನ್ನೇನು ಓದುವುದು?

ಅಂದಿನಿಂದ ನನ್ನ ಜೀವನ ಸುಗಮವಾಯಿತು. ಅತ್ತೆ ಕೆಮ್ಮಿದರೂ ನರಳಿದರೂ ಪ್ರವೀಣ "ಯಾರು" ಎಂದು ಕೇಳುವುದನ್ನೇ ನಿಲ್ಲಿಸಿದ. ಸೋಸುವ ಯಂತ್ರದ ಮಹಿಮೆ ಎಂದುಕೊಂಡೆ. ಅತ್ತೆ ನೀರು ಕೇಳಿದರೆ ಹೆಡ್‌ಸೆಟ್ ತೆಗೆಯದೆ, ಕಡ್ಡಿ ಮಾತ್ರ ಮೇಲೆತ್ತಿ, ಒಳಗೆ ಹೋಗಿ ಕುಡಿಸಿ ಬರುತ್ತಿದ್ದೆ. ಹೊಸ ಸುಳ್ಳು ಬೇಕಾದಾಗಲೂ ಹಾಗೆಯೇ. ಕಡ್ಡಿ ಎತ್ತಿ ಹೆಂಡತಿಯನ್ನು ಕೇಳುತ್ತಿದ್ದೆ.

"ಇವತ್ತು ಎಲ್ಲಿಗೆ ಕಳಿಸುವ?"

"ಮೊನ್ನೆ ಎಲ್ಲಿಗೆ ಹೇಳಿದ್ದು ನೀವು?"

"ಬೆಳ್ತಂಗಡಿಗೆ."

"ಹಾಗಾದ್ರೆ ಅಲ್ಲೇ ಇರ್ಲಿ. ಮಾವ ನಿಲ್ಲಿಸಿಕೊಂಡ್ರು ಅಂತ ಹೇಳಿ."

ಕಡ್ಡಿ ಇಳಿಸಿ, ಗಂಟಲು ಸರಿಮಾಡಿಕೊಂಡು, "ಅತ್ತೆ ಇನ್ನೂ ಬೆಳ್ತಂಗಡಿಯಲ್ಲೇ ಮಾರಾಯ. ಮಾವ ಬಿಡುವುದೇ ಇಲ್ಲ" ಎನ್ನುತ್ತಿದ್ದೆ.

"ಹೌದಾ ಭಾವ," ಎನ್ನುತ್ತಿದ್ದ ಪ್ರವೀಣ. "ಇರ್ಲಿ. ಸುಧಾರಿಸಿಕೊಂಡು ಬರ್ಲಿ."

ಇದಕ್ಕಿಂತ ದೊಡ್ಡ ವಿಸ್ಮಯ ಬೇರೆ ಇತ್ತು. ಹೊಸ ಹೆಡ್‌ಸೆಟ್ ಬಂದ ಮೇಲೆ ನಾನು ಸಾಯುವುದನ್ನೇ ನಿಲ್ಲಿಸಿದೆ! ಗಂಟೆಗಟ್ಟಲೆ ಬದುಕಿರುತ್ತಿದ್ದೆ. ಶತ್ರುವಿನ ಹೆಜ್ಜೆ ಸದ್ದು ಎಡಕ್ಕೋ ಬಲಕ್ಕೋ ಎಂದು ಸ್ಪಷ್ಟವಾಗಿ ತಿಳಿಯುತ್ತಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಅವನು ಬಿದ್ದಿರುತ್ತಿದ್ದ. ಮೊದಲು ವಾರಕ್ಕೊಮ್ಮೆ ಕರೆಯುತ್ತಿದ್ದ ಪ್ರವೀಣ ಈಗ ಕೆಲಸ ಮುಗಿಸಿ ಬಂದ ಕೂಡಲೇ, "ಭಾವ, ಆಡುವನಾ?" ಎಂದು ದಿನಾ ಕೇಳತೊಡಗಿದ. ಪ್ರತಿಭೆಗೆ ವಯಸ್ಸಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ವಿಜ್ಞಾನದ ಟೀಚರು ನಕ್ಕರು. ಹೊಟ್ಟೆಕಿಚ್ಚು ಎಂದುಕೊಂಡೆ.

ಆದರೆ ಒಳಕೋಣೆಯಲ್ಲಿ ಅತ್ತೆ ದಿನದಿಂದ ದಿನಕ್ಕೆ ಸಣ್ಣವರಾಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಇತ್ತು. ಮದುವೆಯಾದಾಗಿನಿಂದ ನನ್ನ ತಟ್ಟೆಗೆ ಮೀನಿನ ನಡುತುಂಡು ಹಾಕಿ ಮಗಳಿಗೆ ಬಾಲ ಹಾಕಿದವರು ಅವರು. ಈಗ ದಿನಾ ಕೇಳುವುದು ಒಂದೇ ಮಾತು. "ಪ್ರವೀಣನ ಊಟ ಆಯ್ತಾ?" ಆಯ್ತು ಅತ್ತೆ ಎಂದರೆ ಕಣ್ಣು ಮುಚ್ಚುತ್ತಿದ್ದರು. ಮಗನಿಗೆ ಹೇಳೋಣವೆಂದು ಶಾಲಿನಿ ಮಾವನಿಗೆ ಫೋನು ಮಾಡಿದಾಗಲೆಲ್ಲ, "ಇನ್ನೊಂದು ವಾರ ನೋಡುವ" ಎಂಬ ಉತ್ತರ ಬರುತ್ತಿತ್ತು.

ಆ ಸಂಜೆ ಆಟದಲ್ಲಿ ನಾನೂ ಪ್ರವೀಣನೂ ಒಂದು ಮುರುಕು ಗೋಡೆಯ ಹಿಂದೆ ಅಡಗಿ ಕೂತಿದ್ದೆವು. "ಇಲ್ಲಿ ಬನ್ನಿ ಒಮ್ಮೆ," ಎಂದು ಶಾಲಿನಿ ಕರೆದಳು. ಕರೆದ ರೀತಿ ಬೇರೆಯಾಗಿತ್ತು. ಕಡ್ಡಿ ಮೇಲೆತ್ತಿ, ಹೆಡ್‌ಸೆಟ್ಟನ್ನು ಕುತ್ತಿಗೆಗೆ ಇಳಿಸಿ ಒಳಗೆ ಓಡಿದೆ.

ಅತ್ತೆಯ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಶಾಲಿನಿ ತುಳಸಿ ಹಾಕಿದ ನೀರಿನ ಲೋಟವನ್ನೂ ಚಮಚವನ್ನೂ ನನ್ನ ಕೈಗಿಟ್ಟಳು. "ಅವನಿಲ್ಲ. ನೀವೇ ಬಿಡಿ," ಎಂದಳು. ಮಗ ಬಿಡಬೇಕಾದ ನೀರು. ಚಮಚದಲ್ಲಿದ್ದದ್ದರಲ್ಲಿ ಮುಕ್ಕಾಲು ದಿಂಬಿಗೆ ಹೋಯಿತು. "ಸರಿಯಾಗಿ ಹಿಡೀರಿ," ಎಂದು ಅಂಥ ಹೊತ್ತಿನಲ್ಲೂ ಅವಳು ಬೈದಳು. ಎರಡನೇ ಸಲ ಬಿಟ್ಟೆ. ಅತ್ತೆ ಏನೋ ಹೇಳಲು ನೋಡಿದರು, ಬಹುಶಃ ಅದೇ ಊಟದ ಪ್ರಶ್ನೆ. "ಆಯ್ತು ಅತ್ತೆ, ಅವನ ಊಟ ಆಯ್ತು," ಎಂದೆ. ಆಮೇಲೆ ಉಸಿರು ಬರಲಿಲ್ಲ. ಶಾಲಿನಿ ಅವರ ಎದೆಯ ಮೇಲೆ ಮುಖವಿಟ್ಟು ಅತ್ತಳು. ನಾನು ಲೋಟ ಹಿಡಿದುಕೊಂಡು ನಿಂತೆ.

ಮಾವನಿಗೆ ಫೋನು ಮಾಡಿದೆ. ಅವರು, "ಅವನಿಗೆ ಸೀರಿಯಸ್ ಅಂತ ಮಾತ್ರ ಹೇಳಿ ಮಾಷ್ಟ್ರೇ. ಸತ್ತದ್ದು ಹೇಳ್ಬೇಡಿ" ಎಂದರು. ಕಂಪ್ಯೂಟರಿನ ಮುಂದೆ ಹೋಗಿ ಕುಳಿತೆ. ನಮ್ಮಿಬ್ಬರ ಸೈನಿಕರೂ ಗೋಡೆಯ ಹಿಂದೆ ಹಾಗೆಯೇ ಕೂತಿದ್ದರು. ಹೆಡ್‌ಸೆಟ್ಟನ್ನು ಕಿವಿಗೇರಿಸಿ, ಶಾಸ್ತ್ರೋಕ್ತವಾಗಿ ಕಡ್ಡಿ ಇಳಿಸಿ, ನನ್ನ ಬದುಕಿನ ಅತ್ಯಂತ ಜವಾಬ್ದಾರಿಯ ಸುಳ್ಳನ್ನು ಆರಂಭಿಸಿದೆ.

"ಪ್ರವೀಣ, ಗಾಬರಿ ಆಗ್ಬೇಡ. ಬೆಳ್ತಂಗಡಿಯಲ್ಲಿ ಅತ್ತೆಗೆ ಸ್ವಲ್ಪ ಸೀರಿಯಸ್..."

"ಟಿಕೆಟ್ ಮಾಡಿದೆ ಭಾವ," ಎಂದ ಅವನು. ಮೂಗು ಕಟ್ಟಿತ್ತು. "ಬೆಳಗ್ಗೆ ಬರ್ತೇನೆ. ಎರಡನೇ ಸಲದ ನೀರು ಒಳಗೆ ಹೋಯ್ತಾ?"

"ಹೋಯ್ತು," ಎಂದೆ.

ಬೆಳಗ್ಗೆ ಬಂದ. ಅಂಗಳದ ಶಾಮಿಯಾನದ ಕಡೆ ತಿರುಗಿಯೂ ನೋಡದೆ ಸೀದಾ ಒಳಗೆ ಹೋಗಿ ಅಮ್ಮನ ಕಾಲ ಬಳಿ ಕುಳಿತ. ಶಾಲಿನಿ ತಮ್ಮನನ್ನು ಹಿಡಿದುಕೊಂಡು ಅತ್ತಳು. ಬೆಳ್ತಂಗಡಿ ಮಾವ, "ಎಲ್ಲ ಒಮ್ಮೆಲೇ ಆದದ್ದು ಮಗಾ, ಹೇಳ್ಲಿಕ್ಕೆ ಸಮಯ ಸಿಗ್ಲಿಲ್ಲ" ಎಂದರು. ಅವನು ತಲೆಯಾಡಿಸಿದ.

ಚಿತೆಯ ಕೆಲಸವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ನಾವಿಬ್ಬರೇ ಜಗಲಿಯಲ್ಲಿ ಕುಳಿತಿದ್ದೆವು. ಕೊನೆಗೂ ಕೇಳಿದೆ. "ಯಾವಾಗಿನಿಂದ ಕೇಳ್ತಾ ಇತ್ತು ನಿನಗೆ?"

"ಹೆಡ್‌ಸೆಟ್ ಬಂದ ದಿನದಿಂದ. ಇದರಲ್ಲಿ ಕಡ್ಡಿ ಎತ್ತಿದ್ರೆ ಮೈಕ್ ಬಂದ್ ಆಗುವುದಿಲ್ಲ ಭಾವ. ಎಡಗಿವಿಯಲ್ಲಿ ಗುಂಡಿ ಉಂಟು. ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿದ್ದಾರೆ. ಸದ್ದು ಸೋಸುವುದೆಲ್ಲ ಪೆಟ್ಟಿಗೆಯ ಮೇಲೆ ಮಾತ್ರ."

"ಮತ್ತೆ ಯಾಕೆ ಒಂದು ಮಾತು ಹೇಳ್ಲಿಲ್ಲ?"

"ಹೇಳಿದ್ರೆ ನೀವು ಗುಂಡಿ ಒತ್ತುತ್ತಿದ್ರಿ. ಅಮ್ಮನ ಕೆಮ್ಮು ಕೇಳ್ತಿರಲಿಲ್ಲ." ಅವನು ಅಂಗಳವನ್ನೇ ನೋಡುತ್ತಿದ್ದ. "ರಜೆ ಕೇಳಿದ್ದೆ. ಬರುವ ವಾರ ಕೊಡ್ತೇವೆ ಅಂದಿದ್ರು. ಅಲ್ಲಿಯವರೆಗೆ ದಿನಾ ಅಷ್ಟಾದರೂ ಕೇಳುವ ಅಂತ."

ನನಗೆ ಅಳು ಬಂತು. ಆಗ, ಹೇಳಲು ನಾಚಿಕೆಯಾಗುತ್ತದೆ, ನನ್ನ ಬಾಯಿಯಿಂದ ಹೊರಬಿದ್ದದ್ದು ಇದು. "ಹಾಗಾದ್ರೆ ನೀನು ದಿನಾ ಕರೆದದ್ದು ನನ್ನ ಆಟ ಸುಧಾರಿಸಿತು ಅಂತ ಅಲ್ವಾ?"

ಊರಿಗೆ ಬಂದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದ್ದು ಕಂಡಿತು. "ಎಂತ ಸುಧಾರಿಸುವುದು ಭಾವ. ನೀವು ಸತ್ತ ಕೂಡಲೇ ಎಲ್ಲ ಆರಿಸಿ ಚಹಾಕ್ಕೆ ಹೋಗ್ತೀರಲ್ಲ. ನನಗೆ ಮನೆಯ ಲೈನ್ ಕಟ್ ಆಗ್ತಿತ್ತು. ಅದಕ್ಕೆ ನಿಮ್ಮ ಹತ್ತಿರ ಬಂದವರನ್ನೆಲ್ಲ ನಾನು ದೂರದಿಂದಲೇ ಹೊಡೀತಾ ಇದ್ದೆ. ನಿಮ್ಮನ್ನು ಬದುಕಿಸಿ ಇಡುವುದು ಸುಲಭದ ಕೆಲಸ ಅಲ್ಲ ಮಾರಾಯ್ರೆ."

ಉತ್ತರಕ್ರಿಯೆ ಮುಗಿಸಿ ಅವನು ವಾಪಸು ಹೋದ. ಅವನ ಕೆಲಸ ಹೋಗಿರಲಿಲ್ಲ. ಕೆಲವು ದಿನ ಬಿಟ್ಟು ಒಂದು ಸಂಜೆ ಕರೆದ. "ಆಡುವನಾ ಭಾವ?" ಒಳಕೋಣೆಯ ಬಾಗಿಲು ತೆರೆದಿತ್ತು, ಮಂಚ ಖಾಲಿ ಇತ್ತು. ಅಲ್ಲಿಂದ ಅವನಿಗೆ ಕೇಳಬೇಕಾದದ್ದು ಇನ್ನೇನೂ ಇರಲಿಲ್ಲ. ನನ್ನನ್ನು ಕಾಯುವ ಅಗತ್ಯವೂ ಇರಲಿಲ್ಲ.

ಕೊಡೆ ಬಿಚ್ಚಿ ದ್ವೀಪಕ್ಕೆ ಇಳಿದೆ. ಬಂದೂಕು ಹುಡುಕುವ ಮೊದಲೇ ಸತ್ತೆ.