ನಾನು ಅಳೆಯದ ರಸ್ತೆ

ಐವತ್ತು ದಾಟಿದ ಗಂಡಸು ಯಾವ ಯಾವ ಕೆಲಸವನ್ನು ನಾಚಿಕೆಯಿಲ್ಲದೆ ಮಾಡಬಹುದು ಎಂಬುದಕ್ಕೆ ನಮ್ಮ ಕಡೆ ಯಾರೂ ಬರೆದಿಡದ ಒಂದು ಕಟ್ಟಳೆಯಿದೆ. ಬನಿಯನ್ನಿನಲ್ಲೇ ಹಾಲಿನ ಅಂಗಡಿಗೆ ಹೋಗಿಬರಬಹುದು. ಟಿವಿ ಮುಂದೆ ಬಾಯಿ ತೆರೆದು ನಿದ್ದೆ ಹೋಗಿ, ಎಬ್ಬಿಸಿದವರ ಹತ್ತಿರ ನಾನು ಮಲಗಿಯೇ ಇರಲಿಲ್ಲ ಎಂದು ವಾದಿಸಬಹುದು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬಹುದು. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಗಂಡಸು ಒಂದು ಕತ್ತರಿ, ಒಂದಿಷ್ಟು ಬಣ್ಣದ ಕಾಗದ, ಒಂದು ಅಂಟಿನ ಡಬ್ಬಿ ಹಿಡಿದುಕೊಂಡು ನೆಮ್ಮದಿಯಾಗಿ ಮೂಲೆಯಲ್ಲಿ ಕೂತುಬಿಟ್ಟನೋ, ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲು ಶುರು ಮಾಡುತ್ತಾರೆ. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ.

ನಾನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಮನೆ ಗೌರಿಬಿದನೂರಿನಲ್ಲಿ. ಸ್ಟೋರಿನ ಕೆಲಸ ಎಂದರೆ, ಇಲ್ಲದ ಸಾಮಾನನ್ನು ಕೇಳಿಕೊಂಡು ಬರುವವರಿಗೆ ಬೆಳಗಿನಿಂದ ಸಂಜೆಯವರೆಗೆ ಇಲ್ಲ ಎಂದು ಹೇಳುವ ಕೆಲಸ. ಅವರು ಸಿಟ್ಟಾಗುತ್ತಾರೆ, ನಾನೂ ಆಗುತ್ತೇನೆ. ಹೀಗೆ ಆಗಿ ಆಗಿ ನನ್ನ ಬಿ.ಪಿ. ಏರಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮನಸ್ಸು ಹಗುರವಾಗುವ ಹವ್ಯಾಸವೊಂದನ್ನು ಹುಡುಕಿಕೊಳ್ಳಿ ಎಂದರು. ಅದನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಡಿಯಲ್ಲಿ ತೆಗೆದುಕೊಳ್ಳುತ್ತೇನೆ ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ದಾರಿ ತೋರಿಸಿದವಳು ಮಗಳು ಮೇಘನಾ. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಾಳೆ. ಒಂದು ದಿನ ಮೊಬೈಲಿನಲ್ಲಿ ಯಾರೋ ದಪ್ಪ ಹಾಳೆಯ ಪುಸ್ತಕವೊಂದರಲ್ಲಿ ಬಣ್ಣ ಬಳಿದು, ಅದರ ಮೇಲೆ ಹಳೇ ಪೇಪರಿನ ಚೂರು ಅಂಟಿಸಿ, ಅದರ ಮೇಲೆ ಬಟ್ಟೆಯ ತುಂಡು, ಒಣಗಿದ ಎಲೆ ಇಟ್ಟು, ಕೊನೆಗೆ ಮನಸ್ಸಿಗೆ ಬಂದದ್ದನ್ನು ಗೀಚುವುದನ್ನು ತೋರಿಸಿದಳು. ಇದಕ್ಕೆ ಮಿಕ್ಸೆಡ್ ಮೀಡಿಯಾ ಆರ್ಟ್ ಜರ್ನಲ್ ಎಂದು ಹೆಸರಂತೆ. ನನಗೆ ಚಿತ್ರ ಬರೆಯಲು ಬರುವುದಿಲ್ಲವಲ್ಲ ಎಂದೆ. "ಬರಬೇಕು ಅಂತೇನಿಲ್ಲ ಅಪ್ಪ. ಚೆನ್ನಾಗಿರಬೇಕು ಅಂತಾನೂ ಇಲ್ಲ" ಎಂದಳು. ಚೆನ್ನಾಗಿರಬೇಕಾಗಿಲ್ಲದ ಕೆಲಸ ಎಂದರೆ ನನ್ನದೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.

ಮೊದಲ ಪುಟಕ್ಕೆ ಕಾಫಿ ಡಿಕಾಕ್ಷನ್ ಬಳಿದೆ. ಅದರ ಮೇಲೆ ಹಿಂದೂಪುರದ ರೈಲು ಟಿಕೆಟು, ಹೆಂಡತಿಯ ಹಳೇ ರವಿಕೆಯ ಅಂಚು, ಶಿಡ್ಲಘಟ್ಟದ ನೆಂಟರ ಮನೆಯಿಂದ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ ಒಡೆದ ರೇಷ್ಮೆಗೂಡು ಅಂಟಿಸಿದೆ. ಏನಾಯಿತು ಎಂದು ನನಗೂ ತಿಳಿಯಲಿಲ್ಲ. ಆದರೆ ತಲೆಯೆತ್ತಿದಾಗ ಬೆಳಗಿನ ತಿಂಡಿಯ ಹೊತ್ತು ಹೋಗಿ ಊಟದ ಹೊತ್ತಾಗಿತ್ತು, ಅಷ್ಟು ಹೊತ್ತು ನಾನು ಯಾರಿಗೂ ಇಲ್ಲ ಎಂದು ಹೇಳಿರಲಿಲ್ಲ. ಆ ಸುಖವನ್ನು ಹೇಗೆ ವಿವರಿಸಲಿ.

ಸುಖ ಬಹಳ ದಿನ ಉಳಿಯಲಿಲ್ಲ. ಚಿಂತಾಮಣಿಯಿಂದ ಬಂದಿದ್ದ ನನ್ನ ಭಾವಮೈದ ನನ್ನ ಕೈಯ ಅಂಟನ್ನೂ ಮುಂದಿದ್ದ ಕತ್ತರಿಯನ್ನೂ ನೋಡಿ, ಯಾರ ಮಗುವಿನ ಸ್ಕೂಲ್ ಪ್ರಾಜೆಕ್ಟು ಭಾವ ಎಂದು ಕೇಳಿದ. ಪಕ್ಕದ ಮನೆ ಹುಡುಗನದ್ದು ಎಂದುಬಿಟ್ಟೆ. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಮುಗಿಸಿ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದಾನೆ. ಕಾಫಿ ತಂದ ನನ್ನ ಹೆಂಡತಿ ಸುಜಾತಾ ಇದನ್ನು ಕೇಳಿಸಿಕೊಂಡೂ ಲೋಟ ಇಟ್ಟು ಒಳಗೆ ಹೋದಳು. ತಮ್ಮ ಹೋದ ಮೇಲೆ ಮಾತ್ರ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದನ್ನು ಯಾಕೆ ಮಾಡುತ್ತೀರಿ ಎಂದು ಕೇಳಿದಳು. ನನಗ್ಯಾವ ನಾಚಿಕೆ ಎಂದೆ. ಮುಂದಿನ ಭಾನುವಾರ ಪುಸ್ತಕ, ಬಣ್ಣ ಎಲ್ಲವನ್ನೂ ಸ್ಕೂಟರಿನ ಡಿಕ್ಕಿಯಲ್ಲಿ ಅಡಗಿಸಿಕೊಂಡು, ಊರಾಚೆ ವಾಕಿಂಗ್ ಮಾಡಿ ಬರುತ್ತೇನೆ ಎಂದು ಹೇಳಿ ಮನೆ ಬಿಟ್ಟೆ.

ಕುಡುಮಲಕುಂಟೆ ದಾಟಿ ಸ್ವಲ್ಪ ದೂರ ಹೋದರೆ ಒಂದು ಹಳ್ಳಿ ಸಿಗುತ್ತದೆ. ಹೆಸರು ಹೇಳುವುದಿಲ್ಲ, ಆ ಊರಿಗೆ ನನ್ನಿಂದ ಆಗಿರುವುದೇ ಸಾಕು. ಕೆರೆಯ ಏರಿಯ ಮೇಲೆ ಒಂದು ಹುಣಸೆಮರವಿದೆ. ಅದರ ಕೆಳಗೆ ಕೂತೆ. ಈಗ ಯೋಚಿಸಿದರೆ ತಪ್ಪು ಎಲ್ಲಿ ಆಯಿತು ಎಂದು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಲಿಗೆಂದು ಕಾರ್ಖಾನೆಯ ಟೋಪಿ ಹಾಕಿಕೊಂಡಿದ್ದೆ. ತೊಡೆಯ ಮೇಲೆ ಕ್ಲಿಪ್ಪಿನ ಹಲಗೆ. ಕೈಯಲ್ಲಿ ಅಡಿಪಟ್ಟಿ. ದೂರದ ಮರ ಎಷ್ಟು ಎತ್ತರ ಬರಬೇಕು ಎಂದು ತಿಳಿಯಲು ಪೆನ್ಸಿಲನ್ನು ಎದುರಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಬೇಕೆಂದು ಮಗಳು ಹೇಳಿಕೊಟ್ಟಿದ್ದಳು. ಹಾಗೆ ನೋಡುತ್ತಿದ್ದೆ. ಪುಟದ ಅಂಚಿಗೆ ಅಂಟಿಸುವ ಹಳದಿ ಟೇಪಿನ ಸುರುಳಿ ಕೈಜಾರಿ, ಏರಿಯ ಇಳಿಜಾರಿನಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ಹೋಗಿತ್ತು. ಅದನ್ನು ಸುತ್ತುತ್ತಾ ಬರುವಾಗಲೇ ಆಂಜಿನಪ್ಪ ಎದುರಾದ.

ಆಂಜಿನಪ್ಪನಿಗೆ ನನ್ನದೇ ವಯಸ್ಸು. ಕೆರೆಯ ಕೆಳಗೆ ಅವನ ಹೊಲ. ಟೇಪನ್ನೂ ಟೋಪಿಯನ್ನೂ ನೋಡಿ, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, "ಸರ್ವೆನಾ ಸಾರ್?" ಎಂದ.

ಅಲ್ಲಪ್ಪ, ನಾನು ಪುಸ್ತಕದಲ್ಲಿ ಎಲೆ ಅಂಟಿಸುತ್ತಿದ್ದೇನೆ ಎಂದು ಹೇಳಬೇಕಿತ್ತು. ನಾಲಗೆಯ ತುದಿಯವರೆಗೂ ಬಂತು. ಆದರೆ ದುಡಿದು ದಣಿದ ಆ ಮನುಷ್ಯನ ಮುಂದೆ ಈ ಮಾತು ಆಡುವುದಕ್ಕಿಂತ ಕೆರೆಗೆ ಇಳಿಯುವುದೇ ಸುಲಭ ಎನ್ನಿಸಿತು. ಸುಮ್ಮನೆ ನೋಡುತ್ತಿದ್ದೇನೆ ಎಂದೆ. ಆ ಕಡೆ ಸುಮ್ಮನೆ ನೋಡುವವರು ಆಫೀಸರುಗಳು ಮಾತ್ರ ಎಂಬುದು ನನಗೆ ಹೊಳೆಯಲಿಲ್ಲ. ರೋಡಿಗೋ ಫ್ಯಾಕ್ಟರಿಗೋ ಎಂದು ಅವನು ಮೆಲ್ಲಗೆ ವಿಚಾರಿಸಿದ. ಇನ್ನೂ ಏನೂ ಫೈನಲ್ ಆಗಿಲ್ಲ ಎಂದೆ. ನಾನು ಹೇಳಿದ್ದು ಚಿತ್ರದ ವಿಚಾರ. ಅವನು ಆ ಮಾತನ್ನು ಊರಿಗೆ ಹೊತ್ತುಕೊಂಡು ಹೋದ.

ಮುಂದಿನ ವಾರ ಹೋಗುವಷ್ಟರಲ್ಲಿ ಹುಣಸೆಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯೊಂದು ಬಂದಿತ್ತು. ಅಲ್ಲಿಂದಲೇ ವಾಪಸು ಬರಬೇಕಿತ್ತು. ಆದರೆ ಕುರ್ಚಿ ಅನುಕೂಲವಾಗಿತ್ತು, ನನಗೆ ಸೊಂಟದ ನೋವು ಬೇರೆ. ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕಯ್ಯಮ್ಮ ಎಂಬ ಮುದುಕಿ ಏರಿ ಹತ್ತಿ ಬಂದಳು. ಕೈಯಲ್ಲಿ ಎಳನೀರು. ನಾನು ಕುಡಿದು ಮುಗಿಸುವವರೆಗೂ ಕಾದಳು. ಆಮೇಲೆ ತನ್ನ ಹೊಲದ ಮೂಲೆಯಲ್ಲಿ ಬೇವಿನಮರದ ಕೆಳಗಿದ್ದ ಸಣ್ಣ ಕಲ್ಲಿನ ಕಟ್ಟೆಯೊಂದನ್ನು ತೋರಿಸಿದಳು.

"ಅಲ್ಲಿ ನಮ್ಮ ಯಜಮಾನ್ರನ್ನ ಮಣ್ಣು ಮಾಡಿರೋದು ನಾಯನಾ. ರೋಡು ಎಲ್ಲಿಂದಾದ್ರೂ ಹೋಗ್ಲಿ, ಆ ಮೂಲೆ ಒಂದು ಬಿಟ್ಟು ಬರ್ಕೊ."

ಅವಳ ಕಣ್ಣು ನನ್ನ ಪುಸ್ತಕದ ಮೇಲಿತ್ತು. ಆ ಕಣ್ಣಿನ ಮುಂದೆ ನಿಜ ಹೇಳುವ ಧೈರ್ಯ ಬರಲಿಲ್ಲ. ಬೇವಿನಮರ ಇರಬೇಕಾದ ಜಾಗದಲ್ಲಿ ಕೆಂಪು ಬಣ್ಣದಿಂದ ಒಂದು ಸುತ್ತು ಹಾಕಿ, ಬಿಟ್ಟಿದ್ದೀನಮ್ಮ ಎಂದೆ. ಅವಳು ನನ್ನ ಗಲ್ಲ ಮುಟ್ಟಿ ಕೈಯನ್ನು ತುಟಿಗೆ ಒತ್ತಿಕೊಂಡಳು. ನನ್ನ ತಾಯಿ ಹೋದ ಮೇಲೆ ನನಗೆ ಯಾರೂ ಹಾಗೆ ಮಾಡಿರಲಿಲ್ಲ. ಆ ದಿನ ಬೇರೆ ಯಾವ ಬಣ್ಣವನ್ನೂ ಮುಟ್ಟಲಾಗಲಿಲ್ಲ. ಹೊರಡುವಾಗ ಅವಳು ಚೀಲದ ತುಂಬ ಸೊಗಡಿನ ಅವರೆಕಾಯಿ ಕಟ್ಟಿಕೊಟ್ಟಳು. ವಾಕಿಂಗಿನಲ್ಲಿ ಅವರೆಕಾಯಿ ಎಲ್ಲಿ ಸಿಕ್ಕಿತು ಎಂದು ಸುಜಾತಾ ಕೇಳಿದಳು. ದಾರಿಯಲ್ಲಿ ಕೊಂಡೆ ಎಂದೆ. ಹಿದುಕಿದ ಬೇಳೆಯ ಸಾರು ಮಾಡಿದಳು. ಬಹಳ ರುಚಿಯಾಗಿತ್ತು ಎಂದು ಹೇಳಲೂ ನಾಚಿಕೆಯಾಗುತ್ತದೆ.

ಆಮೇಲಿನ ಒಂದೆರಡು ಭಾನುವಾರ ಮನೆಯಲ್ಲೇ ಉಳಿದೆ. ಮನಸ್ಸು ತಡೆಯದೆ ಒಂದು ದಿನ ಮತ್ತೆ ಹೋದರೆ, ಆಂಜಿನಪ್ಪನ ಹೊಲದಲ್ಲಿ ಶೀಟು ಹೊದಿಸಿದ ಹೊಸ ಶೆಡ್ಡು ನಿಂತಿತ್ತು. ದನ ಕಟ್ಟುವುದಕ್ಕೋ ಎಂದು ಕೇಳಿದೆ. ಅವನು ಮುಗುಳ್ನಕ್ಕು, ಖಾಲಿ ಜಮೀನಿಗೂ ಕಟ್ಟಡವಿರುವ ಜಮೀನಿಗೂ ಪರಿಹಾರದಲ್ಲಿ ವ್ಯತ್ಯಾಸವಿರುತ್ತದಲ್ಲ ಸಾರ್, ನಿಮಗೆ ನಾನು ಹೇಳಬೇಕೇ ಎಂದ. ಅಷ್ಟರಲ್ಲಿ ಬೇವಿನಮರದ ಕೆಳಗೆ ಅಕ್ಕಯ್ಯಮ್ಮ ಕೂತಿರುವುದು ಕಂಡಿತು. ಇವತ್ತೇನು ವಿಶೇಷ ಎಂದು ವಿಚಾರಿಸಿದೆ.

"ಭಾನುವಾರ ಪೂರ್ತಿ ಅಲ್ಲೇ ಕೂತಿರ್ತಾಳೆ ಸಾರ್. ನೀವು ಬಂದ್ರೆ ಆ ಮೂಲೆ ಮರೀಬಾರ್ದು ಅಂತ" ಎಂದ ಆಂಜಿನಪ್ಪ. "ಊಟಾನೂ ಅಲ್ಲಿಗೇ ತರಿಸ್ಕೊಳ್ತಾಳೆ."

ನಾನು ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದ ಭಾನುವಾರಗಳಲ್ಲೂ ಆ ಮುದುಕಿ ಬಿಸಿಲಿನಲ್ಲಿ ಕೂತು ನನ್ನ ದಾರಿ ಕಾದಿದ್ದಳು. ಅದನ್ನು ಕೇಳಿದ ಮೇಲೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಪುಸ್ತಕ ತೆಗೆದುಕೊಂಡು ಆಂಜಿನಪ್ಪನನ್ನೂ ಕರೆದುಕೊಂಡು ಬೇವಿನಮರದ ಹತ್ತಿರ ಹೋದೆ. ನಿಂತುಕೊಂಡೇ ಹೇಳಿದೆ. ನಾನು ಆಫೀಸರಲ್ಲ, ಸ್ಟೋರ್ ಕೀಪರು. ಸರ್ವೆ ಇಲ್ಲ, ನನಗೆ ತಿಳಿದ ಮಟ್ಟಿಗೆ ರಸ್ತೆಯೂ ಇಲ್ಲ. ಡಾಕ್ಟರು ಹೇಳಿದ್ದಕ್ಕೆ ಭಾನುವಾರ ಬಂದು ಕಾಗದ ಅಂಟಿಸುತ್ತೇನೆ. ಹೇಳಿ ಮುಗಿಸಿ ಪುಸ್ತಕವನ್ನು ಅವರ ಮುಂದೆ ಬಿಚ್ಚಿಟ್ಟೆ.

ಆಂಜಿನಪ್ಪ ಒಂದೊಂದೇ ಪುಟ ತಿರುವಿದ. ರೈಲು ಟಿಕೆಟು ನೋಡಿದ, ರೇಷ್ಮೆಗೂಡು ಮುಟ್ಟಿ ನೋಡಿದ. ತನ್ನ ಹೊಲವಿದ್ದ ಪುಟ ಬಂದಾಗ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಹುಡುಕಿದ. ಹೊಲದ ಜಾಗದಲ್ಲಿ ನಾನು ಚಾಕಲೇಟಿನ ಹಸಿರು ಕಾಗದ ಅಂಟಿಸಿದ್ದೆ. ಆಮೇಲೆ ತಲೆಯೆತ್ತಿ ತನ್ನ ಶೆಡ್ಡಿನ ಕಡೆ ನೋಡಿದ. ಆ ನೋಟದ ಎದುರು ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಅಕ್ಕಯ್ಯಮ್ಮನ ಕಡೆ ತಿರುಗಿದೆ.

"ಹಂಗಾದ್ರೆ ರೋಡು ಬರಲ್ವಾ?" ಎಂದಳು.

"ನಾನಂತೂ ತರ್ತಿಲ್ಲಮ್ಮ."

ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟು ವಯಸ್ಸಾಗಿ ಮೈಮೇಲೆ ಜ್ಞಾನ ಬೇಡವೇ ಎಂದು ಶುರು ಮಾಡಿದಳು. ನನ್ನ ಹೆಂಡತಿ ಮಕ್ಕಳ ವಿಚಾರ ಕೇಳಿ, ಅವರಿಗೂ ಪಾಪ ಎಂದಳು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡೆ. ಬೈಗುಳ ಹಿತವಾಗಿತ್ತು. ಕೊನೆಗೆ, ಮೂಲೆ ಉಳಿದರೆ ಒಂದು ಕೋಳಿ ಕೊಡುತ್ತೇನೆಂದು ಗಂಗಮ್ಮನಿಗೆ ಹೇಳಿಕೊಂಡಿದ್ದೇನಲ್ಲ, ಅದಕ್ಕೇನು ಮಾಡಲಿ ಎಂದು ಕೇಳಿದಳು. ನಾನೇ ತೀರಿಸುತ್ತೇನಮ್ಮ ಎಂದೆ.

"ಹರಕೆ ನಂದು ನಾಯನಾ, ನಾನೇ ತೀರಿಸ್ಬೇಕು. ಕೋಳಿ ಮಾತ್ರ ನಿಂದು."

ಒಪ್ಪಿಕೊಂಡೆ. ಇನ್ನು ಊರಿನವರಿಗೂ ಹೇಳಿ ಕೈಮುಗಿದು ಹೋಗುತ್ತೇನೆ ಎಂದು ಹೊರಟೆ. ಆಗ ಆಂಜಿನಪ್ಪ ನನ್ನ ತೋಳು ಹಿಡಿದು ಕೂರಿಸಿದ. ಊರಿನಲ್ಲಿ ಹೇಳಬೇಡಿ ಎಂದ. ಶೆಡ್ಡು ಕಟ್ಟಬೇಡ ಎಂದು ಅವನ ಹೆಂಡತಿ ಗೋಗರೆದಿದ್ದಳಂತೆ. ಹೆಂಗಸರಿಗೆ ಗೌರ್ಮೆಂಟ್ ವಿಚಾರ ತಿಳಿಯುವುದಿಲ್ಲ ಎಂದು ನಾಲ್ಕು ಜನರ ಮುಂದೆ ಅವಳ ಬಾಯಿ ಮುಚ್ಚಿಸಿದ್ದನಂತೆ. ಈಗ ಚಾಕಲೇಟ್ ಕಾಗದದ ಕಥೆ ಅವಳಿಗೆ ಗೊತ್ತಾದರೆ ಆ ಶೆಡ್ಡಿನಲ್ಲಿ ಮಲಗಬೇಕಾದವನು ತಾನೇ ಎಂದ.

ಅಕ್ಕಯ್ಯಮ್ಮನಾದರೂ ನನ್ನ ಪರವಾಗಿ ನಿಲ್ಲುತ್ತಾಳೆ ಎಂದುಕೊಂಡರೆ, ಅವಳು ಅವನಿಗಿಂತ ಬಿರುಸಾಗಿದ್ದಳು. ತನ್ನ ಒಂದು ಮಾತಿಗೆ ಆಫೀಸರು ರಸ್ತೆಯನ್ನೇ ತಿರುಗಿಸಿದ ಎಂದು ಊರೆಲ್ಲ ಹೇಳಿಕೊಂಡಿದ್ದಳು. ಮಾತೇ ಆಡಿಸದಿದ್ದ ಸೊಸೆ ಈಗ ಕೇಳಿ ಕೇಳಿ ಬಡಿಸುತ್ತಾಳೆ. ನ್ಯಾಯ ಪಂಚಾಯ್ತಿಗೆಂದು ಜನ ಮನೆಯವರೆಗೂ ಬರುತ್ತಾರೆ. ಇದನ್ನೆಲ್ಲ ಹೇಳಿ, "ನೀನು ಯಾರಾದ್ರೂ ಆಗಿರು, ಭಾನುವಾರ ಬಂದು ಹೋಗ್ತಾ ಇರು" ಎಂದಳು.

ನಾನೊಬ್ಬನೇ ನಾಚಿಕೆಗೆ ಹೆದರಿ ಸುಳ್ಳು ಹೇಳಿದವನು ಎಂದುಕೊಂಡಿದ್ದೆ. ಈಗ ಮೂವರಾದೆವು. ಕೋಳಿ ಕೊಡಿಸಿದೆ. ಪೂಜೆಯಲ್ಲಿ ನನ್ನನ್ನು ಎದುರಿಗೇ ನಿಲ್ಲಿಸಿ ಮಂಗಳಾರತಿ ಕೊಟ್ಟರು.

ಈಗಲೂ ಹೋಗುತ್ತೇನೆ. ಕೆಲಸ ಮಾತ್ರ ಬದಲಾಗಿದೆ. ಜನ ನೋಡುತ್ತಿರುವಾಗ ಎಲೆ ಅಂಟಿಸುತ್ತಾ ಕೂರಲು ಆಗುವುದಿಲ್ಲ. ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಹೆಜ್ಜೆ ಎಣಿಸಿದವನಂತೆ ನಡೆಯುತ್ತೇನೆ. ನಡುನಡುವೆ ನಿಂತು ಹುಬ್ಬು ಗಂಟಿಕ್ಕುತ್ತೇನೆ. ಅಕ್ಕಯ್ಯಮ್ಮ ದೂರದಿಂದಲೇ ಕೈಯಾಡಿಸಿ ಇನ್ನೊಂದು ಸುತ್ತು ಎಂದು ಸೂಚಿಸುತ್ತಾಳೆ. ಒಂದು ವಾರ ತಪ್ಪಿಸಿಕೊಂಡದ್ದಕ್ಕೆ ಆಂಜಿನಪ್ಪ ಫೋನ್ ಮಾಡಿ, ಪ್ರಾಜೆಕ್ಟು ಕ್ಯಾನ್ಸಲ್ ಆಯಿತೇ ಎಂದು ಹೆಂಡತಿ ಕೇಳುತ್ತಿದ್ದಾಳೆ ಸಾರ್, ದಯವಿಟ್ಟು ಒಂದು ಗಳಿಗೆ ಮುಖ ತೋರಿಸಿ ಹೋಗಿ ಎಂದ. ಸುಜಾತಾ ಮಾತ್ರ, ವಾಕಿಂಗಿನಿಂದ ನೀವು ತೆಳ್ಳಗಾಗಿದ್ದೀರಿ ಎಂದು ಖುಷಿಯಾಗಿದ್ದಾಳೆ.

ಕಳೆದ ಭಾನುವಾರ ಪಕ್ಕದ ಊರಿನ ರೈತರೊಬ್ಬರು ಬೈಕಿನಲ್ಲಿ ಹುಡುಕಿಕೊಂಡು ಬಂದರು. ಚಪ್ಪಲಿ ಬಿಟ್ಟು ಹತ್ತಿರ ನಿಂತು, ನಮ್ಮ ಜಮೀನಿನ ಕಡೆಗೇನಾದರೂ ಬರುತ್ತದೆಯೇ ಎಂದು ಕೇಳಿದರು. ಇದೇ ಸಮಯ ಎನ್ನಿಸಿತು. ಇವರಿಗೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ, ಇವರ ಮಾನ ನನ್ನ ಕೈಯಲ್ಲಿಲ್ಲ, ಇವರೊಬ್ಬರಿಗಾದರೂ ನಿಜ ಹೇಳಿ ಕಳಿಸಬಹುದು. ಅಕ್ಕಪಕ್ಕ ನೋಡಿದೆ. ಆಂಜಿನಪ್ಪನೂ ಇರಲಿಲ್ಲ, ಅಕ್ಕಯ್ಯಮ್ಮನೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡೆ. ಅವರು ಕೈಕಟ್ಟಿ ನನ್ನ ಮಾತಿಗಾಗಿ ಕಾಯುತ್ತಿದ್ದರು. ಸ್ಟೋರಿನಲ್ಲಿ ನನ್ನ ಮುಂದೆ ಹಾಗೆ ಯಾರೂ ನಿಂತವರಿಲ್ಲ.

"ನಿಮ್ಮದು ಯಾವ ಸರ್ವೆ ನಂಬರು?" ಎಂದು ಕೇಳಿದೆ.